ಬೆನ್ನ ಕಡೆಯ ಸೀಟು

ಸೆಪ್ಟೆಂಬರ್ ೪, ಗುರುವಾರ

ವೈದ್ಯರು ಹೇಳಿದರೆಂದು ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಗಿರಾಕಿಗಳ ಅಳತೆ ಪುಸ್ತಕ ಬಿಟ್ಟು ಇನ್ನೇನನ್ನೂ ಬರೆದವನಲ್ಲ ನಾನು. "ದಿನಾ ಅರ್ಧ ಪುಟ ಬರೀರಿ. ಏನು ಬೇಕಾದ್ರೂ ಬರೀರಿ. ನಾನು ಓದಲ್ಲ, ಅಕ್ಷರ ಎಷ್ಟು ನಡುಗಿದೆ ಅಂತ ಮಾತ್ರ ನೋಡ್ತೀನಿ" ಎಂದರು. ಓದುವುದಿಲ್ಲವಂತೆ! ಕೋಟಿನ ಜೇಬಿನಲ್ಲಿ ಸಿಕ್ಕ ಚೀಟಿಯನ್ನು ಓದದ ದರ್ಜಿಯನ್ನು ನಾನು ಇದುವರೆಗೆ ಕಂಡಿಲ್ಲ. ವೈದ್ಯರಿಗೆ ತೋರಿಸಲು ಬೇರೆ ಹಾಳೆಯಲ್ಲಿ ಮಗ್ಗಿ ಬರೆದಿಡುತ್ತೇನೆ. ಇದು ನನಗೆ ಮಾತ್ರ.

ವಿಷಯ ಇಷ್ಟೆ. ಮೂರು ತಿಂಗಳಿಂದ ನನ್ನ ಬಲಗೈ ನಡುಗುತ್ತಿದೆ. ಮಾತ್ರೆ ಕೊಟ್ಟಿದ್ದಾರೆ. ಅದರಿಂದ ಕಡಿಮೆಯಾಗಬಹುದಂತೆ, ಆಗದೆಯೂ ಇರಬಹುದಂತೆ. ಇಷ್ಟು ಹೇಳಲು ಅಷ್ಟು ವರ್ಷ ಓದಬೇಕಿತ್ತೇ?

ಇವಳಿಗೆ ಗೊತ್ತಿಲ್ಲ, ಗೊತ್ತಾಗಲೂ ಕೂಡದು. ಮದುವೆಯಾದ ಹೊಸದರಲ್ಲೇ ಹೇಳಿಬಿಟ್ಟಿದ್ದೇನೆ: ಗುಂಡಿ, ಕಾಜ, ಹೆಮ್ಮಿಂಗ್ ನಿನ್ನದು, ಕತ್ತರಿ ನನ್ನದು. ನನ್ನ ಕತ್ತರಿ ಇನ್ನೊಬ್ಬರ ಕೈಗೆ ಹೋದ ದಿನ ಅಂಗಡಿಗೆ ಬೀಗ. ಮೂವತ್ತನಾಲ್ಕು ವರ್ಷದಿಂದ ಬಂದ ಗಿರಾಕಿಗಳಿಗೆಲ್ಲ ಈ ಮಾತನ್ನು ಒಮ್ಮೆಯಾದರೂ ಕೇಳಿಸಿಯೇ ಕಳಿಸಿದ್ದೇನೆ. ಎದುರಿನ ರೆಡಿಮೇಡ್ ಅಂಗಡಿಯವನು ಆ ದಿನಕ್ಕಾಗಿಯೇ ಕಾಯುತ್ತಿದ್ದಾನೆ. ಅವನ ಸರಕಿಗೆ ಜಾಗ ಸಾಲುತ್ತಿಲ್ಲ. ದಿನಾ ಬೆಳಿಗ್ಗೆ "ಮಾಸ್ಟರ್, ಆರೋಗ್ಯ ಹೇಗಿದೆ?" ಎಂದು ಕೇಳಿ ನನ್ನನ್ನಲ್ಲ, ನನ್ನ ಗೋಡೆಗಳನ್ನು ನೋಡುತ್ತಾನೆ.

ಪುಸ್ತಕವನ್ನು ಗುಂಡಿ ಡಬ್ಬಿಗಳ ಹಿಂದೆ ಅಡಗಿಸುತ್ತೇನೆ. ಪೆನ್ಸಿಲ್ ಮೊಂಡು. ಸಾಕು.

ಸೆಪ್ಟೆಂಬರ್ ೯, ಮಂಗಳವಾರ

ಸಭಾಂಗಣದ ಮ್ಯಾನೇಜರು ಬಂದಿದ್ದರು. ಈ ಮನುಷ್ಯನ ಸೊಂಟದ ಅಳತೆ ತೆಗೆಯುವುದೆಂದರೆ ಕೆರೆಗೆ ಒಂದು ಸುತ್ತು ಹಾಕಿ ಬಂದ ಹಾಗೆ. ಅವರಿಗೆ ಕೋಟು ಬೇಕಂತೆ. ತೆಳು ಬೂದು ಬಣ್ಣದ ಮೇಲೆ ಬಿಳಿ ಪಟ್ಟೆಯ ಬಟ್ಟೆಯನ್ನು ಅವರೇ ತಂದಿದ್ದರು. ಪಟ್ಟೆ ಬಟ್ಟೆ ಎಂದರೆ ದರ್ಜಿಯ ಪರೀಕ್ಷೆ. ಹೊಲಿಗೆ ಸೇರುವಲ್ಲಿ ಪಟ್ಟೆ ಪಟ್ಟೆಗೆ ಕೂಡಬೇಕು, ಕೂದಲೆಳೆ ತಪ್ಪಿದರೂ ಬಣ್ಣ ಬಯಲು.

ಅಕ್ಟೋಬರ್ ನಾಲ್ಕಕ್ಕೆ ಅವರ ಸಭಾಂಗಣದಲ್ಲಿ ಆ ಹಳೆಯ ರಾಕ್ ಬ್ಯಾಂಡು ಬರುತ್ತಿದೆಯಂತೆ. ವೇದಿಕೆಯ ಮೇಲೆ ನಿಂತು ಸ್ವಾಗತ ಹೇಳುವವರು ಇವರೇ. ಅಳತೆ ತೆಗೆಯುವುದನ್ನೇ ಮರೆತೆ. ನಲವತ್ತು ವರ್ಷದ ಬ್ಯಾಂಡು! ಪ್ರಾಯದಲ್ಲಿ ಅದರ ಗಿಟಾರಿನವನಂತೆ ನಾನೂ ಭುಜದವರೆಗೆ ಕೂದಲು ಬಿಟ್ಟಿದ್ದೆ. ಒಮ್ಮೆ ಅದು ಹೊಲಿಗೆ ಯಂತ್ರದ ಚಕ್ರಕ್ಕೆ ಸಿಕ್ಕಿತು. ಬಿಡಿಸಲು ಇವಳು ಕತ್ತರಿ ತಂದಳು, ಅಲ್ಲಿಗೆ ನನ್ನ ರಾಕ್ ಸಂಗೀತ ಮುಗಿಯಿತು. ಈಗ ಗಿಟಾರಿನವನಿಗೂ ಬೆಳ್ಳಿಯಂಥ ಗಡ್ಡ. ಇದು ಅವರ ಕೊನೆಯ ಪ್ರವಾಸವಂತೆ. ನನಗೆ ತಿಳಿದಂತೆ ಇದು ಮೂರನೆಯ ಕೊನೆಯ ಪ್ರವಾಸ.

"ಕೋಟು ಚೆನ್ನಾಗಿ ಬಂದ್ರೆ ನಿಮ್ಗೂ ಅಮ್ಮನವರಿಗೂ ಎರಡು ಟಿಕೆಟು, ನನ್ನ ಕಡೆಯಿಂದ. ಬ್ಯಾಂಡಿಗೆ ಅಷ್ಟು ಹತ್ರ ಇನ್ಯಾವ ಸೀಟೂ ಇಲ್ಲ, ಮಾಸ್ಟರ್" ಎಂದರು ಮ್ಯಾನೇಜರು.

ಒಪ್ಪಿಕೊಂಡೆ. ಕೈಯನ್ನು ಕೇಳಲಿಲ್ಲ.

ಸೆಪ್ಟೆಂಬರ್ ೧೦, ಬುಧವಾರ

ಸೂಜಿಗೆ ದಾರ ಪೋಣಿಸಲು ಹನ್ನೆರಡು ನಿಮಿಷ. ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ. ಇವಳಿಗೆ ಕಾಣಬಾರದೆಂದು ಮೇಜಿನ ಕೆಳಗೆ ಕೂತು ಪೋಣಿಸಿದೆ.

"ಏನ್ರೀ ಹುಡುಕ್ತಿದ್ದೀರಿ?"

"ಬಾಬಿನ್ ಬಿದ್ದಿದೆ."

"ಹುಡುಕಿ, ಹುಡುಕಿ. ಮೊನ್ನೆಯಿಂದ ತುಂಬಾ ಬಾಬಿನ್ ಬೀಳ್ತಿವೆ ನಮ್ಮನೇಲಿ" ಎಂದು ಒಳಗೆ ಹೋದಳು. ಪಾಪ, ಏನೂ ತಿಳಿಯದ ಹೆಂಗಸು.

ಇವತ್ತು ನೋಡಿದರೆ ಪೆನ್ಸಿಲ್ ಚೂಪಾಗಿದೆ. ಒಳ್ಳೆಯ ಕಂಪನಿಯದು, ಬರೆದಷ್ಟೂ ಚೂಪಾಗುವ ಜಾತಿ.

ಸೆಪ್ಟೆಂಬರ್ ೧೭, ಬುಧವಾರ

ಕೆಟ್ಟ ದಿನ.

ಕೋಟಿನ ಹಿಂಭಾಗ ಕತ್ತರಿಸಿದೆ. ನನಗೆ ಕೆಲಸ ಕಲಿಸಿದವರು ಹೇಳುತ್ತಿದ್ದರು, ಕೋಟಿನ ಎದೆ ಹೊಲಿಯುವುದು ಗಿರಾಕಿಗೆ, ಬೆನ್ನು ಹೊಲಿಯುವುದು ನಮ್ಮ ಮಾನಕ್ಕೆ ಎಂದು. ಗಿರಾಕಿ ತನ್ನ ಬೆನ್ನು ತಾನು ನೋಡಲಾರ, ಊರೆಲ್ಲ ನೋಡುತ್ತದೆ. ಅದಕ್ಕೇ ಬೆನ್ನಿನ ಎರಡು ತುಂಡು ಕತ್ತರಿಸುವಾಗ ನಾನು ರೇಡಿಯೋ ಕೂಡ ಆರಿಸುತ್ತೇನೆ.

ಸೀಮೆಸುಣ್ಣ ಹಿಡಿದು ಗೆರೆ ಎಳೆದರೆ ಬಟ್ಟೆಯ ಮೇಲೆ ಏಡಿ ನಡೆದು ಹೋದ ಹಾಗೆ ಬಂತು. ಒರೆಸಿ ಮತ್ತೆ ಎಳೆದೆ. ಈ ಸಲ ಎರಡು ಏಡಿ. ಕೋಪ ಬಂದು ಹಾಗೆಯೇ ಕತ್ತರಿ ಆಡಿಸಿಬಿಟ್ಟೆ. ಪಟ್ಟೆ ಒಂದೆಡೆ, ಅಂಚು ಇನ್ನೊಂದೆಡೆ. ಎತ್ತು ಏರಿಗೆ, ಕೋಣ ನೀರಿಗೆ. ತುಂಡುಗಳ ಮೇಲೆ ಹಳೆಯ ದಿನಪತ್ರಿಕೆ ಮುಚ್ಚಿ ಅಂಗಡಿಯ ಮೇಲಿರುವ ಮನೆಗೆ ಹೋದೆ. ಊಟಕ್ಕೆ ಕೂತಾಗ ಇವಳು ಏನೋ ಕೇಳಿದಳು. ಸಿಡುಕಿದೆ.

ಸೆಪ್ಟೆಂಬರ್ ೧೮, ಗುರುವಾರ

ದಿನಪತ್ರಿಕೆ ತೆಗೆದು ನೋಡಿದೆ. ಸರಿಯಾಗಿದೆ! ಪಟ್ಟೆ ನೇರ, ಅಂಚು ನೇರ. ನಿನ್ನೆ ಸಂಜೆಯ ಬೆಳಕೇ ಸರಿ ಇರಲಿಲ್ಲ. ನನ್ನ ಕೈಯನ್ನು ಸುಮ್ಮನೆ ಬೈದೆ.

ಉಳಿದ ಬಟ್ಟೆ ಮಾತ್ರ ಕಡಿಮೆ ಕಂಡಿತು. ಇದರಲ್ಲಿ ಒಂದು ವೇಸ್ಟ್‌ಕೋಟೂ ಆಗುತ್ತದೆಂದು ಎಣಿಸಿದ್ದೆ. ಮ್ಯಾನೇಜರಿಗೆ ಬಟ್ಟೆ ಅಂಗಡಿಯವನು ಅಳತೆಯಲ್ಲಿ ಟೋಪಿ ಹಾಕಿದ್ದಾನೆ.

ಮೇಜಿನ ಮೇಲಿನ ಸೂಜಿಗಳಿಗೆಲ್ಲ ಆಗಲೇ ದಾರ ಪೋಣಿಸಿತ್ತು, ಹನ್ನೆರಡಕ್ಕೂ. ನಾನೇ ಪೋಣಿಸಿ ಮರೆತಿರಬೇಕು. ಮಾತ್ರೆ ಕೆಲಸ ಮಾಡುತ್ತಿದೆ! ಸೂಜಿ ಚುಚ್ಚಿಡುವ ಹಳೆಯ ಸೂಜಿದಿಂಡು ಹರಿದಿತ್ತೆಂದು ಇವಳು ಹೊಸದೊಂದು ಮಾಡಿದ್ದಾಳೆ, ಬೂದು ಬಣ್ಣದ್ದು, ಬಿಳಿ ಪಟ್ಟೆಯದು. ಚೆನ್ನಾಗಿದೆ.

ಸೆಪ್ಟೆಂಬರ್ ೨೪, ಬುಧವಾರ

ಮ್ಯಾನೇಜರಿಗೆ ಟ್ರಯಲ್. ಗುಂಡುಸೂಜಿ ಚುಚ್ಚುವ ಹೊತ್ತಿಗೆ ಇವಳು ಎಲ್ಲಿದ್ದಳೋ ಏನೋ, ಬಂದು ಹಿಂದೆ ನಿಂತು ತಾನೇ ಚುಚ್ಚತೊಡಗಿದಳು. ನಾನು ಎದುರಿಗೆ ನಿಂತು ಕಾಲರಿನ ಬಗ್ಗೆ, ಭುಜದ ಇಳಿಜಾರಿನ ಬಗ್ಗೆ, ಮನುಷ್ಯನ ಹೊಟ್ಟೆಯನ್ನು ಬಟ್ಟೆ ಹೇಗೆ ಕ್ಷಮಿಸಬೇಕೆಂಬುದರ ಬಗ್ಗೆ ಹೇಳುತ್ತಿದ್ದೆ. ಮ್ಯಾನೇಜರು ಬಾಯಿ ಬಿಟ್ಟುಕೊಂಡು ಕೇಳಿದರು.

ಅವರು ಹೋದ ಮೇಲೆ ಇವಳನ್ನು ಗದರಿದೆ. "ನನ್ನ ಕೆಲಸದಲ್ಲಿ ಮೂಗು ತೂರಿಸಬೇಡ ಅಂದಿದ್ದೆ."

"ಮೂಗಲ್ಲ, ಗುಂಡುಸೂಜಿ" ಎಂದಳು.

ಮೂಗಿನ ತುದಿಯಲ್ಲಿದ್ದ ಕೋಪ ಎಲ್ಲಿ ಹೋಯಿತೋ, ನಗು ಬಂತು. ತೋರಿಸಿಕೊಳ್ಳಲಿಲ್ಲ.

ಸೆಪ್ಟೆಂಬರ್ ೨೯, ಸೋಮವಾರ

ಎದುರಿನವನು ಚಹಾ ತಂದುಕೊಟ್ಟ. ಕೆಟ್ಟ ಬುದ್ಧಿಯವನ ಚಹಾ ಕುಡಿಯಬಾರದಿತ್ತು. ಲೋಟ ತುಟಿಗೆ ಬರುವಷ್ಟರಲ್ಲಿ ಅರ್ಧ ನನ್ನ ಅಂಗಿಯ ಮೇಲಿತ್ತು.

"ಕೈ ನಡುಗ್ತಿದೆ ಮಾಸ್ಟರ್?"

"ಚಹಾ ಸುಡ್ತಿದೆ."

"ಅರ್ಧ ಗಂಟೆ ಹಿಂದೆ ತಂದಿದ್ದು" ಎಂದು ನಕ್ಕ. ಆಮೇಲೆ ಮೆತ್ತಗೆ, "ನೋಡಿ, ನಾಲ್ಕು ಜನಕ್ಕೆ ಗೊತ್ತಾಗೋ ಮುಂಚೆ ಮರ್ಯಾದೆಯಿಂದ ಬಿಟ್ಟುಕೊಡೋದು ಒಳ್ಳೇದಲ್ವಾ?" ಎಂದ.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಅವನು ಹೇಳಿದ್ದು ನಿಜ. ಮಾತ್ರೆ ಕೆಲಸ ಮಾಡುತ್ತದೆಂದು ಬರೆದೆನಲ್ಲ, ಮಾಡಿದ ದಿನ ಮಾಡುತ್ತದೆ, ಮಾಡದ ದಿನ ಇಲ್ಲ. ರಾತ್ರಿ ಮೇಜಿನ ಮೇಲೆ ಬಿಟ್ಟ ಕೆಲಸ ಬೆಳಿಗ್ಗೆ ಚೆನ್ನಾಗಿಯೇ ಇರುತ್ತದೆ, ನನ್ನ ಕೈಯಲ್ಲಿರುವಾಗ ಮಾತ್ರ ಕೆಡುತ್ತದೆ. ಇದು ಯಾವ ರೋಗವೋ! ಮ್ಯಾನೇಜರ ಕೋಟೇ ಕೊನೆಯದು. ಅಕ್ಟೋಬರ್ ಆರಕ್ಕೆ ಉತ್ತರ ಹೇಳುತ್ತೇನೆ ಎಂದೆ ಅವನಿಗೆ. ಇವಳಿಗೆ ಹೇಳಿಲ್ಲ. ಹೇಗೆ ಹೇಳಲಿ? ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಕತ್ತರಿ ಹಿಡಿದುಕೊಂಡು ಅತ್ತೆ. ಅರವತ್ತೆರಡು ವರ್ಷದ ಗಂಡಸು, ನಾಚಿಕೆಯಿಲ್ಲದೆ.

ಅಕ್ಟೋಬರ್ ೫, ಭಾನುವಾರ ಬೆಳಿಗ್ಗೆ

ನಿನ್ನೆಯದನ್ನು ಬರೆಯಲು ಅರ್ಧ ಪುಟ ಸಾಲದು. ವೈದ್ಯರು ಮಗ್ಗಿಯಲ್ಲೇ ತೃಪ್ತರಾಗಲಿ.

ಬ್ಯಾಂಡಿಗೆ ಅಷ್ಟು ಹತ್ತಿರದ ಸೀಟು ಇನ್ನೊಂದಿಲ್ಲ ಎಂದು ಮ್ಯಾನೇಜರು ಹೇಳಿದ್ದು ಸುಳ್ಳಲ್ಲ. ಯಾವ ಕಡೆಯಿಂದ ಹತ್ತಿರ ಎಂದು ಹೇಳಿರಲಿಲ್ಲ. ಸೀಟು ಇದ್ದದ್ದು ವೇದಿಕೆಯ ಹಿಂದೆ, ಅಟ್ಟದಂಥ ಜಾಗದಲ್ಲಿ. ನಾಲ್ಕು ಸಾಲು, ಒಟ್ಟು ಅರವತ್ತು ಜನ. ಕೆಳಗೆ ಬಗ್ಗಿದರೆ ವೇದಿಕೆಯ ಹಿಂಭಾಗ, ಪರದೆ, ಹಗ್ಗ, ಪೆಟ್ಟಿಗೆ, ತಂತಿ. ದೂರದಲ್ಲಿ ಎದುರಿಗೆ ಸಾವಿರಾರು ಜನರ ಮುಖ. ದುಡ್ಡು ಕೊಟ್ಟ ಜನ ಬ್ಯಾಂಡಿನ ಮುಖ ನೋಡಲು ಬಂದಿದ್ದರೆ ನಾವು ಅದರ ಬೋಳುತಲೆ ನೋಡಲು ಬಂದ ಹಾಗಾಯಿತು.

"ಇದಕ್ಕಾ ನಾನು ಇಸ್ತ್ರಿ ಅಂಗಿ ಹಾಕಿದ್ದು?" ಎಂದೆ.

"ಕೂತ್ಕೊಳ್ರೀ. ಬೆನ್ನು ನೋಡೋದೇ ನಿಮ್ಮ ಕಸುಬಲ್ವಾ?" ಎಂದಳು ಇವಳು.

ಅದೂ ನಿಜವೇ. ಹಾಡು ಶುರುವಾಯಿತು. ಎರಡು ಹಾಡು ಮುಗಿಯುವಷ್ಟರಲ್ಲಿ ನನ್ನ ಸಿಟ್ಟು ಇಳಿದು ಕುತೂಹಲ ಏರಿತ್ತು. ಮುಂದಿನವರಿಗೆ ಕಾಣದ್ದೆಲ್ಲ ನಮಗೆ ಕಾಣುತ್ತಿತ್ತು. ಹಾಡುಗಾರನ ಕಾಲಬುಡದಲ್ಲಿ ಒಂದು ಟೀವಿಯಂಥ ಪೆಟ್ಟಿಗೆ, ಅದರಲ್ಲಿ ಹಾಡಿನ ಸಾಲುಗಳು, ಕಣ್ಣಿನ ಡಾಕ್ಟರ ಗೋಡೆಯ ಮೇಲಿರುವಷ್ಟು ದೊಡ್ಡ ಅಕ್ಷರದಲ್ಲಿ. ನಲವತ್ತು ವರ್ಷ ಹಾಡಿದ ಹಾಡು! ಡ್ರಮ್ಮಿನವನ ಅಂಗಿಯೊಳಗೆ ಸೊಂಟದ ಪಟ್ಟಿ. ದಪ್ಪ ತಂತಿಯ ಗಿಟಾರಿನವನು ತನ್ನ ಪಾಳಿ ಮುಗಿದ ಕೂಡಲೇ ಕುಣಿಯುತ್ತ ಪರದೆಯ ಹಿಂದೆ ಬರುತ್ತಿದ್ದ, ಬಂದವನೇ ಆರಾಮ ಕುರ್ಚಿಯಲ್ಲಿ ಕುಸಿದು ಮೊಣಕಾಲು ಉಜ್ಜಿಕೊಂಡು ಮತ್ತೆ ಕುಣಿಯುತ್ತ ಹೋಗುತ್ತಿದ್ದ. ನಮ್ಮ ಸಾಲಿನ ಅಜ್ಜಿಯೊಬ್ಬರು ಅವನು ಕೂತಾಗಲೆಲ್ಲ ಚಪ್ಪಾಳೆ ತಟ್ಟಿದರು.

ಆಮೇಲೆ ಬಂತು ಬೆಳ್ಳಿಗಡ್ಡದವನ ಸರದಿ. ಗಿಟಾರು ಓಡಬೇಕಾದ ಜಾಗ, ನಾನು ಪ್ರಾಯದಲ್ಲಿ ಇಂಚುಪಟ್ಟಿ ಹಿಡಿದು ಅನುಕರಿಸುತ್ತಿದ್ದದ್ದು. ಅವನು ಜನರಿಗೆ ಬೆನ್ನು ಹಾಕಿ, ತಲೆ ಹಿಂದಕ್ಕೆ ಚೆಲ್ಲಿ, ಗಿಟಾರನ್ನು ಎದೆಗೆ ಎತ್ತಿಕೊಂಡ. ಪರವಶನಾದ ಎಂದುಕೊಂಡು ಆ ಕಡೆಯ ಸಾವಿರಾರು ಜನ ಕೂಗಿದರು. ಈ ಕಡೆಯ ನಮಗೆ ಅವನ ಮುಖ ಕಂಡಿತು. ಕಣ್ಣು ತೆರೆದೇ ಇತ್ತು. ಬೆರಳುಗಳು ತಂತಿಯನ್ನು ಮುಟ್ಟಿರಲೇ ಇಲ್ಲ. ಹಾಡು ಮಾತ್ರ ಕುದುರೆಯಂತೆ ಓಡುತ್ತಿತ್ತು.

ಇವಳು ಮೊಣಕೈಯಿಂದ ತಿವಿದು ತೋರಿಸಿದಳು. ಆಳೆತ್ತರದ ಸ್ಪೀಕರ್ ಪೆಟ್ಟಿಗೆಯ ಹಿಂದೆ ಒಂದು ಪುಟ್ಟ ದೀಪ. ಅದರ ಕೆಳಗೆ ಸ್ಟೂಲಿನ ಮೇಲೆ ಒಬ್ಬ ಮುದುಕ, ದಪ್ಪ ಕನ್ನಡಕ, ಉಣ್ಣೆಯ ಸ್ವೆಟರು, ಪಕ್ಕದಲ್ಲಿ ಫ್ಲಾಸ್ಕು. ಅಂಚೆ ಕಚೇರಿಯಲ್ಲಿ ಮೊಹರು ಒತ್ತುವವನ ಹಾಗೆ ಕೂತು ಗಿಟಾರು ನುಡಿಸುತ್ತಿದ್ದಾನೆ! ಓಡುತ್ತಿದ್ದದ್ದು ಅವನ ಬೆರಳು.

ಬೆಳ್ಳಿಗಡ್ಡದವನು ತಲೆಯೆತ್ತಿ ನಮ್ಮ ಅರವತ್ತು ಜನರನ್ನೂ ನೋಡಿದ. ತುಟಿಯ ಮೇಲೆ ಬೆರಳಿಟ್ಟು ಒಂದು ಕಣ್ಣು ಮಿಟುಕಿಸಿದ. ಶಾಲೆಯ ಮಕ್ಕಳ ಹಾಗೆ ನಾವೆಲ್ಲ ಬಾಯಿ ಮುಚ್ಚಿ ಕೂತೆವು.

ನನಗೆ ಮಾತ್ರ ರೇಗಿತು. "ಮೋಸ!" ಎಂದೆ.

"ಯಾರಿಗೆ ಮೋಸ? ಹಾಡು ಕೇಳಿಸ್ತಿಲ್ವಾ ನಿಮಗೆ?"

"ಬಾರಿಸ್ತಿರೋನು ಬೇರೆ!"

"ಬಾರಿಸ್ತಿರೋದು ಅದೇ ಹಾಡು ತಾನೆ? ಅವನು ಜನರನ್ನ ಕೂಗಿಸ್ತಾನೆ, ಇವನು ಬಾರಿಸ್ತಾನೆ. ಕುಣಿಯೋಕೆ ಒಬ್ಬ ಬೇಡ್ವಾ?" ಎಂದಳು. ಆಮೇಲೆ ಸ್ಟೂಲಿನವನ ಕಡೆ ಬಗ್ಗಿ ನೋಡುತ್ತ, "ಪಾಪ, ಆ ಸ್ಟೂಲಿಗೆ ಒರಗೋಕೂ ಇಲ್ಲ. ಬೆನ್ನು ಎಷ್ಟು ನೋಯುತ್ತೆ ಅಂತ ಕೂತವರಿಗೇ ಗೊತ್ತು" ಎಂದಳು.

ಅವಳು ಹಾಗೆಂದಾಗ ನಾನು ಕೆಳಗೆ ನೋಡುತ್ತಿದ್ದೆ. ನೇರ ನಮ್ಮ ಕೆಳಗೆ ಮ್ಯಾನೇಜರು ನಿಂತಿದ್ದರು. ನನ್ನ ಕೋಟು. ಅದರ ಬೆನ್ನು. ನಡುಹೊಲಿಗೆಯಲ್ಲಿ ಎಡಗಡೆಯ ಪಟ್ಟೆ ಬಲಗಡೆಯ ಪಟ್ಟೆಗೆ ಕೂಡಿ, ಕತ್ತಿನಿಂದ ಕೆಳತುದಿಯವರೆಗೆ ಎಲ್ಲಿ ಸೇರಿದೆ ಎಂದು ತೋರದ ಹಾಗಿತ್ತು. ನನ್ನ ಕಣ್ಣಿಗೇನೂ ಆಗಿಲ್ಲ. ಅಷ್ಟು ಒಳ್ಳೆಯ ಬೆನ್ನನ್ನು ನಾನು ಐದು ವರ್ಷದಿಂದ ಕತ್ತರಿಸಿಲ್ಲ.

ಏಡಿಯ ಗೆರೆ ನೆನಪಾಯಿತು. ಮೇಜಿನ ಮೇಲಿಟ್ಟ ಕೆಲಸ ಬೆಳಗಾಗುವಷ್ಟರಲ್ಲಿ ಸರಿಯಾಗುತ್ತಿದ್ದದ್ದು ನೆನಪಾಯಿತು. ಕಡಿಮೆಯಾದ ಬಟ್ಟೆ, ಹನ್ನೆರಡು ಸೂಜಿ, ಬೂದು ಬಣ್ಣದ ಪಟ್ಟೆಪಟ್ಟೆ ಸೂಜಿದಿಂಡು. ಸೂಜಿದಿಂಡು! ಕಣ್ಣೆದುರಿಗೇ ಇಟ್ಟಿದ್ದಾಳೆ! ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕು ನಾನು ಎಂದುಕೊಂಡಿದ್ದರೆ, ಹಾಲನ್ನು ಬಟ್ಟಲಿಗೆ ಸುರಿದು ಇಡುತ್ತಿದ್ದವಳು ಇವಳು.

ಪಕ್ಕಕ್ಕೆ ತಿರುಗಿದೆ. ಪೆಪ್ಪರ್‌ಮಿಂಟು ಚೀಪುತ್ತ ವೇದಿಕೆ ನೋಡುತ್ತಿದ್ದಳು.

"ಎಷ್ಟು ದಿನದಿಂದ?" ಎಂದೆ.

"ಏನು?"

"ಏನೂ ಗೊತ್ತಿಲ್ಲದವಳ ಹಾಗೆ ಆಡಬೇಡ."

"ಆಮೇಲೆ ಜಗಳ ಆಡೋಣ. ಒಳ್ಳೆ ಹಾಡು ಬರ್ತಿದೆ" ಎಂದಳು.

ಒಳ್ಳೆ ಹಾಡೇ ಬಂತು. ಅದರ ಕೊನೆಯಲ್ಲಿ ಬೆಳ್ಳಿಗಡ್ಡದವನು ಹಳೆಯ ಚಾಳಿಯಂತೆ ಜನರ ಕಡೆ ಮುಖ ಮಾಡಿ ಒಂದು ಮೊಣಕಾಲೂರಿ ಕೂತ. ಕೂತದ್ದು ಸರಿಯಾಗಿತ್ತು, ಏಳುವುದು ಸರಿಯಾಗಲಿಲ್ಲ. ಬಿಗಿ ಚರ್ಮದ ಪ್ಯಾಂಟು ಹಿಂಬದಿಯಲ್ಲಿ ನಡುಹೊಲಿಗೆ ಬಿಟ್ಟು ಬಾಯಿ ತೆರೆಯಿತು. ಸದ್ದು ಯಾರಿಗೂ ಕೇಳಲಿಲ್ಲ, ದೃಶ್ಯ ನಮ್ಮ ಅರವತ್ತು ಜನರಿಗೆ ಮಾತ್ರ. ಒಳಚಡ್ಡಿ ಕೆಂಪು. ಅದರ ಮೇಲೆ ಹಳದಿ ಬಾತುಕೋಳಿಗಳು. ನಮ್ಮ ಸಾಲಿನ ಅಜ್ಜಿ ಕನ್ನಡಕ ಒರೆಸಿಕೊಂಡು ಎಣಿಸಿದರು, ಏಳು.

ನಗಬೇಕಾದ ಸಂಗತಿಯೇ, ನಕ್ಕೆವು ಕೂಡ. ಆಮೇಲೆ ಅರವತ್ತು ಜನರಿಗೂ ಒಟ್ಟಿಗೇ ಹೊಳೆಯಿತು. ಗಿಟಾರು ಓಡುವ ಜಾಗ ಮತ್ತೆ ಬಂದರೆ ಈ ಮನುಷ್ಯ ಜನರಿಗೆ ಬೆನ್ನು ಹಾಕಲೇಬೇಕು. ಹಾಕಿದರೆ ಬಾತುಕೋಳಿ ಕಾಣುತ್ತದೆ, ಹಾಕದಿದ್ದರೆ ಬೆರಳು ಕಾಣುತ್ತದೆ. ಯಾವುದು ಕಂಡರೂ ನಲವತ್ತು ವರ್ಷದ ಮಾನ ಹೋಯಿತು.

ಅವನು ನಗುತ್ತಲೇ ಪಕ್ಕಪಕ್ಕಕ್ಕೆ ಕಾಲು ಹಾಕಿ ಪರದೆಯ ಹಿಂದೆ ಬಂದ. ಹಾಡುಗಾರ ಪರಿಸ್ಥಿತಿ ನೋಡಿ ಜನರಿಗೆ ಯಾವುದೋ ಹಳೆಯ ಕಥೆ ಹೇಳತೊಡಗಿದ. ಮ್ಯಾನೇಜರು ತಲೆಯೆತ್ತಿ ಕೈ ಬೀಸಿದರು. "ಮಾಸ್ಟರ್! ಬೇಗ ಇಳೀರಿ!"

ಇಳಿದೆ. ಇವಳೂ ಹಿಂದೆಯೇ ಇಳಿದಳು. ದರ್ಜಿ ಎಂದ ಮೇಲೆ ಕಾಲರಿನ ಕೆಳಗೊಂದು ಸೂಜಿ, ಜೇಬಿನಲ್ಲೊಂದು ಪುಟ್ಟ ಕತ್ತರಿ ಇದ್ದೇ ಇರುತ್ತದೆ. ಸೂಜಿ ತೆಗೆದೆ. ಕಪ್ಪು ದಾರ ಪೋಣಿಸಿಯೇ ಇತ್ತು. ಯಾರು ಪೋಣಿಸಿದರೆಂದು ಇನ್ನು ಕೇಳಬೇಕಾಗಿರಲಿಲ್ಲ.

ಬೆಳ್ಳಿಗಡ್ಡದವನು ಸ್ಪೀಕರ್ ಪೆಟ್ಟಿಗೆಗೆ ಎರಡೂ ಕೈ ಊರಿ, ನನಗೆ ಬೆನ್ನು ತೋರಿಸಿ ನಿಂತಿದ್ದ. "ಬೇಗ, ಮಾಸ್ಟರ್. ಇವನ ಕಥೆ ಮೂರು ನಿಮಿಷಕ್ಕಿಂತ ಹೆಚ್ಚು ಬರಲ್ಲ" ಎಂದ.

ಮಂಡಿಯೂರಿದೆ. ನನ್ನ ಪ್ರಾಯದ ದೇವರು ನನ್ನಿಂದ ಒಂದು ಗೇಣು ದೂರದಲ್ಲಿದ್ದ, ಯಾವ ಭಕ್ತನೂ ಬಯಸದ ಕಡೆಯಿಂದ. ಸೂಜಿ ಹಿಡಿದ ಕೈ ಮುಂದೆ ಚಾಚಿದೆ. ನಡುಗಿತು. ಸೂಜಿಯ ಮೊನೆ ಮೇಲೆ ಹೋಯಿತು, ಕೆಳಗೆ ಬಂತು, ಒಂದು ಬಾತುಕೋಳಿಯ ಹತ್ತಿರ ಹೋಗಿ ಹಿಂದೆ ಸರಿಯಿತು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದೆ. ಎರಡೂ ಸೇರಿ ನಡುಗಿದವು. ಮ್ಯಾನೇಜರು ನೋಡುತ್ತಿದ್ದರು. ಸ್ಟೂಲಿನವನು ಕನ್ನಡಕ ಏರಿಸಿಕೊಂಡು ನೋಡುತ್ತಿದ್ದ. ಮೇಲೆ ಅಟ್ಟದಲ್ಲಿ ಐವತ್ತೆಂಟು ಜನ ನೋಡುತ್ತಿದ್ದರು.

ಇವಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಕೈ ಚಾಚಲಿಲ್ಲ. ಅದನ್ನು ಬರೆದಿಡಬೇಕು. ಅವಳು ಕೈ ಚಾಚಿದ್ದರೆ ನಾನು ಖಂಡಿತ ಕೊಡುತ್ತಿರಲಿಲ್ಲ, ಆ ಮನುಷ್ಯನನ್ನು ಚುಚ್ಚಿಯಾದರೂ ಹಟ ಸಾಧಿಸುತ್ತಿದ್ದೆ. ಅವಳು ಸೀರೆಯ ಸೆರಗಿನಲ್ಲಿ ಕೈ ಕಟ್ಟಿಕೊಂಡು ಸುಮ್ಮನೆ ನಿಂತಿದ್ದಳು, ಬಸ್ಸಿಗೆ ಕಾಯುವವರ ಹಾಗೆ.

"ತಗೋ. ನನ್ನ ಕೈ ನಡುಗುತ್ತೆ" ಎಂದೆ.

ಮೂವರು ನಾಲ್ವರಿಗೆ ಕೇಳಿಸುವ ಹಾಗೆ, ಬಾಯಿ ಬಿಟ್ಟೇ ಹೇಳಿದೆ. ಆಕಾಶವೇನೂ ಕಳಚಿ ಬೀಳಲಿಲ್ಲ. ಅವಳು ಸೂಜಿ ತೆಗೆದುಕೊಂಡು ಪಕ್ಕದಲ್ಲಿ ಕೂತಳು. ನಾನು ಚರ್ಮದ ಎರಡು ಅಂಚನ್ನೂ ಎಡಗೈಯಲ್ಲಿ ಸೇರಿಸಿ ಬಿಗಿ ಹಿಡಿದೆ. "ಎರಡೆರಡು ಸಲ ಹಾಕು, ಚರ್ಮ ಜಾರುತ್ತೆ" ಎಂದೆ. "ಗೊತ್ತು" ಎಂದಳು. ಇಪ್ಪತ್ತೆರಡು ಹೊಲಿಗೆ. ನಾನು ಎಣಿಸಿದೆ. ಹೊಲಿಗೆ ಒಂದೊಂದೂ ಅಕ್ಕಿಕಾಳಿನಷ್ಟಿತ್ತು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಇವಳು ಹೊಲಿಯುವುದನ್ನು ಮೊದಲ ಸಲ ನೋಡಿದೆ ಅನ್ನಿಸಿತು.

ಕೊನೆಗೆ ಗಂಟು ಹಾಕಿದಳು. ದಾರವನ್ನು ಹಲ್ಲಿನಲ್ಲಿ ಕಡಿಯುವುದು ಅವಳ ಅಭ್ಯಾಸ. ಬಗ್ಗಿದವಳು ಜಾಗ ನೋಡಿ ಅಲ್ಲೇ ತಡೆದಳು. ನಾನು ಜೇಬಿನಿಂದ ಕತ್ತರಿ ತೆಗೆದು ಅವಳ ಕೈಗಿಟ್ಟೆ.

ಬೆಳ್ಳಿಗಡ್ಡದವನು ತಿರುಗಿ ಇವಳಿಗೆ ಕೈ ಮುಗಿದ. ಆಮೇಲೆ ನನ್ನ ಬಲಗೈ ನೋಡಿ, "ಎಷ್ಟು ದಿನದಿಂದ?" ಎಂದು ಕೇಳಿದ.

"ನಾಲ್ಕು ತಿಂಗಳು."

ತನ್ನ ಕೈ ಚಾಚಿ ತೋರಿಸಿದ. ನನಗಿಂತ ಜೋರಾಗಿ ನಡುಗುತ್ತಿತ್ತು. "ನಂದು ಮೂರು ವರ್ಷ. ಮೊದಲನೇ ವರ್ಷ ನಾಚಿಕೆಗೆ ಇವನ ಜೊತೆ ಮಾತೇ ಬಿಟ್ಟಿದ್ದೆ" ಎಂದು ಸ್ಟೂಲಿನವನನ್ನು ತೋರಿಸಿದ.

"ಅದೇ ಸುಖದ ವರ್ಷ. ಈಗ ಬಾಯಿ ಮುಚ್ಚಲ್ಲ" ಎಂದ ಸ್ಟೂಲಿನವನು, ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ.

ಕಥೆ ಮುಗಿದು ಜನ ಕೂಗತೊಡಗಿದ್ದರು. ಅವನು ಓಡಿದ. ನಾವು ಮೆಟ್ಟಿಲು ಹತ್ತಿದೆವು. ಅರ್ಧ ಹತ್ತಿದ ಮೇಲೆ ನನಗೆ ಹೊಳೆದದ್ದು, ನನ್ನ ಕತ್ತರಿ ಇನ್ನೂ ಅವಳ ಕೈಯಲ್ಲೇ ಇತ್ತು. ಮೊಣಕಾಲು ನೋಯುತ್ತಿತ್ತು. ವಾಪಸು ಕೇಳಲು ಮನಸ್ಸಾಗಲಿಲ್ಲ.

ಕೊನೆಯ ಹಾಡಿನಲ್ಲಿ ಅವನು ಮತ್ತೆ ಜನರಿಗೆ ಬೆನ್ನು ಹಾಕಿದ, ಈ ಸಲ ಕಣ್ಣು ಮುಚ್ಚಿಕೊಂಡೇ. ಬೆರಳುಗಳು ಗಾಳಿಯಲ್ಲಿ ಆಡಿದವು. ನಾವು ಅರವತ್ತು ಜನ ಎದ್ದು ನಿಂತು ಸ್ಟೂಲಿನವನಿಗೆ ಚಪ್ಪಾಳೆ ತಟ್ಟಿದೆವು. ಆ ಕಡೆಯ ಸಾವಿರಾರು ಜನ ತಾವು ಬೆಳ್ಳಿಗಡ್ಡದವನಿಗೆ ತಟ್ಟುತ್ತಿದ್ದೇವೆ ಎಂದುಕೊಂಡರು. ಇವಳು ಮಾತ್ರ ಬಗ್ಗಿ ಬಗ್ಗಿ ನೋಡಿ, ಅವನು ಆ ಕಡೆ ತಿರುಗಿದಾಗ, "ಹೊಲಿಗೆ ನಿಂತಿದೆ" ಎಂದಳು.

ಮನೆಗೆ ನಡೆದುಕೊಂಡು ಬಂದೆವು.

"ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?"

"ನೀವೇ ಹೇಳ್ಲಿ ಅಂತ ಕಾದೆ."

"ಹೇಳದೇ ಇದ್ದಿದ್ರೆ?"

"ಐದು ಗಂಟೆಗೆ ಎದ್ದು ಹೊಲೀತಾ ಇರ್ತಿದ್ದೆ. ಇನ್ನೇನು ಮಾಡೋದು? ಕುಣಿಯೋಕೆ ಬರದೆ ನೆಲ ಡೊಂಕು ಅನ್ನೋರಿಗೆ ನೆಲಾನೇ ಸರಿ ಮಾಡಿಕೊಡಬೇಕು." ಸ್ವಲ್ಪ ದೂರ ಬಂದ ಮೇಲೆ, "ಸೋಮವಾರ ಎದುರಿನವನಿಗೆ ಏನು ಹೇಳ್ತೀರಿ?" ಎಂದಳು.

ಆ ವಿಷಯ ಅವಳಿಗೆ ಹೇಗೆ ಗೊತ್ತಾಯಿತೋ. ಎದುರಿನವನೇ ಬಾಯಿ ಬಿಟ್ಟಿರಬೇಕು.

ಅಕ್ಟೋಬರ್ ೬, ಸೋಮವಾರ

ಬಾಗಿಲು ತೆರೆಯುವ ಮೊದಲೇ ಎದುರಿನವನು ಹಾಜರು. ಸಭಾಂಗಣದಲ್ಲಿ ನಾನು ಇವಳ ಕೈಗೆ ಕತ್ತರಿ ಕೊಟ್ಟದ್ದು ಮ್ಯಾನೇಜರ ಬಾಯಿಂದ ಊರಿಗೆಲ್ಲ ಹಬ್ಬಿದೆ. ಬಾತುಕೋಳಿಯ ಸುದ್ದಿಯನ್ನಾಗಲೀ ಸ್ಟೂಲಿನವನ ಸುದ್ದಿಯನ್ನಾಗಲೀ ಅವರು ಬಿಟ್ಟುಕೊಟ್ಟಿಲ್ಲ, ಅಷ್ಟು ಮರ್ಯಾದಸ್ಥರು.

"ಕತ್ತರಿ ಇನ್ನೊಬ್ಬರ ಕೈಗೆ ಹೋದ ದಿನ ಅಂಗಡಿಗೆ ಬೀಗ ಅಂತಿದ್ರಲ್ಲ, ಮಾಸ್ಟರ್?"

"ಹಾಕಿದ್ವಲ್ಲಪ್ಪ. ಶನಿವಾರ ಸಂಜೆ ನಾವಿಬ್ರೂ ಬೀಗ ಹಾಕಿಯೇ ಹೋಗಿದ್ದು. ಆಡಿದ ಮಾತಿಗೆ ತಪ್ಪೋ ಜನ ಅಲ್ಲ ನಾವು. ಇವತ್ತು ಸೋಮವಾರ, ತೆಗೀತಿದ್ದೀವಿ. ಪಕ್ಕಕ್ಕೆ ನಿಂತ್ಕೋ."

ಒಳಗಿನಿಂದ ಇವಳು ನಕ್ಕದ್ದು ಬೀದಿಗೆ ಕೇಳಿಸಿತು.

ಅಕ್ಟೋಬರ್ ೧೪, ಮಂಗಳವಾರ

ವೈದ್ಯರು ಮಗ್ಗಿ ನೋಡಿದರು. ಅಕ್ಷರ ಮೊದಲಿಗಿಂತ ಕೆಟ್ಟಿದೆಯಂತೆ. "ಆದ್ರೆ ನೀವು ಮಾತ್ರ ಗೆಲುವಾಗಿದ್ದೀರಲ್ಲ, ಹೇಗೆ?" ಎಂದರು. ಮಾತ್ರೆ ಚೆನ್ನಾಗಿದೆ ಎಂದೆ, ಬೇಜಾರು ಮಾಡಿಕೊಳ್ಳದಿರಲಿ ಎಂದು.

ಬರುವಾಗ ಒರಗುವ ಬೆನ್ನಿರುವ ಕುರ್ಚಿಯೊಂದನ್ನು ಕೊಂಡು ತಂದೆ. ಇವಳು ಕೂತು ಹೊಲಿಯುವ ಹಳೆಯ ಸ್ಟೂಲು ಕಿರುಗುಟ್ಟುತ್ತಿತ್ತು, ಅಷ್ಟೆ. ಇವಳು ಕೂತು ನೋಡಿ, ಎದ್ದು, ಮತ್ತೆ ಕೂತು ಕತ್ತರಿಸಲು ಶುರು ಮಾಡಿದಳು. ಗಿರಾಕಿ ಬಂದರೆ ನಾನು ಎದುರು ನಿಂತು ಭುಜದ ಇಳಿಜಾರಿನ ಬಗ್ಗೆ ಹೇಳುತ್ತೇನೆ, ಅವಳು ಬೆನ್ನ ಕಡೆ ನೋಡಿಕೊಳ್ಳುತ್ತಾಳೆ. ಮ್ಯಾನೇಜರು ಇನ್ನಿಬ್ಬರನ್ನು ಕಳಿಸಿದ್ದಾರೆ. ನಮ್ಮ ಕೋಟುಗಳಿಗೆ ಈಗ ಬೇಡಿಕೆ ಬರುತ್ತಿದೆ.

ಹಾಗೆಯೇ ಪೆನ್ಸಿಲ್ ಅಂಗಡಿಗೂ ಹೋಗಿದ್ದೆ, ಬರೆದಷ್ಟೂ ಚೂಪಾಗುವ ಆ ಕಂಪನಿಯದು ಇನ್ನೊಂದು ಕೊಡಿ ಎಂದು. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಂಥ ಪೆನ್ಸಿಲ್ ಎಲ್ಲಾದ್ರೂ ಉಂಟಾ ಯಜಮಾನ್ರೇ?" ಎಂದು ನಕ್ಕ. ದಾರಿಯುದ್ದಕ್ಕೂ ಯೋಚಿಸುತ್ತ ಬಂದೆ. ಎದುರಿನವನಿಗೆ ನಾನು ಉತ್ತರ ಹೇಳಬೇಕಿದ್ದದ್ದು ಅವಳಿಗೆ ಹೇಗೆ ಗೊತ್ತಿತ್ತು ಎಂಬುದನ್ನೂ ಯೋಚಿಸಿದೆ. ನಾನು ಅತ್ತದ್ದನ್ನು ಬರೆದ ಪುಟ ನೆನಪಾಗಿ ಬೀದಿಯಲ್ಲೇ ಕಿವಿ ಬಿಸಿಯಾಯಿತು.

ಇನ್ನು ಈ ಪುಸ್ತಕ ಗುಂಡಿ ಡಬ್ಬಿಗಳ ಹಿಂದೆ ಇರುವುದಿಲ್ಲ. ಮೇಜಿನ ಮೇಲೆ, ಸೂಜಿದಿಂಡಿನ ಪಕ್ಕದಲ್ಲೇ ಇಡುತ್ತೇನೆ.

ಓದಿದ್ದು ಸಾಕು ಕಣೇ. ಪೆನ್ಸಿಲ್ ಮೊಂಡಾಗಿದೆ, ನೋಡು.